ಫಿಲ್ಮ್ ಕೂಲಿಂಗ್ ಸಿಮ್ಯುಲೇಶನ್: ತೂತಿನ ಹಿಂದೆ ವಿಪರೀತ ತಂಪು, ಪಕ್ಕದಲ್ಲಿ ಬರೀ ಬಿಸಿ. ಎಲ್ಲಿ ಎಡವಿದ್ದೇನೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಎಂಟೆಕ್ ಎರಡನೇ ವರ್ಷ, ಥರ್ಮಲ್. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿದ್ದವರು ದಯವಿಟ್ಟು ನೋಡಿ.

ಗ್ಯಾಸ್ ಟರ್ಬೈನ್ ಬ್ಲೇಡಿನ ಫಿಲ್ಮ್ ಕೂಲಿಂಗ್ ನನ್ನ ಪ್ರಾಜೆಕ್ಟ್, ಅಂದರೆ ತೂತುಗಳಿಂದ ತಂಪು ಗಾಳಿ ಹರಿಸಿ ಬ್ಲೇಡನ್ನು ಬಿಸಿ ಅನಿಲದಿಂದ ಕಾಪಾಡುವುದು. ಬ್ಲೇಡಿಗೆ ಕೈ ಹಾಕುವ ಮುಂಚೆ ಚಪ್ಪಟೆ ಪ್ಲೇಟಿನ ಮೇಲೆ ಒಂದು ಸಾಲು ತೂತಿಟ್ಟು ವ್ಯಾಲಿಡೇಶನ್ ಮಾಡಿ ಅಂತ ಗೈಡ್ ಹೇಳಿದರು. ಸಿನ್ಹಾ, ಬೋಗಾರ್ಡ್, ಕ್ರಾಫರ್ಡ್ ಅವರ 1991ರ ಪ್ರಯೋಗ ತಗೊಂಡೆ. ತೂತಿನ ವ್ಯಾಸ 12.7 ಮಿ.ಮೀ., 35 ಡಿಗ್ರಿ ಓರೆ, ಉದ್ದ ವ್ಯಾಸದ 1.75 ಪಟ್ಟು, ತೂತಿಂದ ತೂತಿಗೆ 3 ವ್ಯಾಸದ ಅಂತರ. ಮುಖ್ಯ ಗಾಳಿ ಸೆಕೆಂಡಿಗೆ 20 ಮೀಟರ್, 300 ಕೆಲ್ವಿನ್. ಡೆನ್ಸಿಟಿ ರೇಶಿಯೊ (ಮುಖ್ಯ ಗಾಳಿಗಿಂತ ತಂಪು ಗಾಳಿಯ ಸಾಂದ್ರತೆ ಎಷ್ಟು ಪಟ್ಟು) 2 ಇರುವ ಡೇಟಾ ಜೊತೆ ಹೋಲಿಸುತ್ತಿದ್ದೇನೆ.

ನಾನು ಮಾಡಿದ್ದು: ರಿಯಲೈಜಬಲ್ ಕೆ-ಎಪ್ಸಿಲಾನ್ ಟರ್ಬ್ಯುಲೆನ್ಸ್ ಮಾಡಲ್, ವಾಲ್ ಫಂಕ್ಷನ್ (ಗೋಡೆ ಹತ್ತಿರದ ಹರಿವಿಗೆ ಸಿದ್ಧ ಸೂತ್ರ), ವೈ ಪ್ಲಸ್ (ಗೋಡೆಯಿಂದ ಮೊದಲ ಸೆಲ್ಲಿನ ದೂರದ ಅಳತೆ) ಸುಮಾರು 30. ಸಾಂದ್ರತೆ ಸ್ಥಿರ. ತೂತಿನ ಬಾಯಲ್ಲೇ ಒಂದೇ ಸಮನಾದ ವೇಗ ಕೊಟ್ಟೆ. ತೂತಿನ ನಡುವೆ ಸಿಮೆಟ್ರಿ, ಹಾಗಾಗಿ ಅರ್ಧ ತೂತು ಮಾತ್ರ.

ಬ್ಲೋಯಿಂಗ್ ರೇಶಿಯೊ 0.5 ಇದ್ದಾಗ ತೂತಿನ ನೇರ ಹಿಂದಿನ ಗೆರೆಯಲ್ಲಿ ಎಫೆಕ್ಟಿವ್‌ನೆಸ್ (0 ಅಂದರೆ ಮೈಮೇಲಿನ ಗಾಳಿ ಮುಖ್ಯ ಗಾಳಿಯಷ್ಟೇ ಬಿಸಿ, 1 ಅಂದರೆ ತಂಪು ಗಾಳಿಯಷ್ಟೇ ತಂಪು) ಪ್ರಯೋಗಕ್ಕಿಂತ ತುಂಬಾ ಜಾಸ್ತಿ, ಎರಡು ತೂತುಗಳ ನಡುವೆ ಸೊನ್ನೆಯ ಹತ್ತಿರ. ರೇಶಿಯೊ 1 ಮಾಡಿದರೆ ಇನ್ನೊಂದು ಕಥೆ: ತೂತಿನ ಹಿಂದೆಯೂ ಏನೂ ಇಲ್ಲ, ಜೆಟ್ ಹಾರಿಯೇ ಹೋಗುತ್ತದೆ. ಮೆಶ್ (ಲೆಕ್ಕಕ್ಕೆ ಜಾಗವನ್ನು ಕತ್ತರಿಸಿದ ಸಣ್ಣ ಸೆಲ್ಲುಗಳು) 12 ಲಕ್ಷದಿಂದ 40 ಲಕ್ಷಕ್ಕೆ ಏರಿಸಿದೆ, ಉತ್ತರ ಕದಲಲಿಲ್ಲ. ಮೆಶ್ ಇನ್ನೂ ಸಣ್ಣ ಮಾಡಬೇಕಾ?

ಎಡ್ಡಿ_ವಿಸ್ಕಾಸಿಟಿ:
ಬೇಡ. ಮೆಶ್ ಬದಲಾಯಿಸಿದರೂ ಉತ್ತರ ಕದಲಲಿಲ್ಲ ಅಂದರೆ ಮೆಶ್ ತನ್ನ ಕೆಲಸ ಮಾಡಿದೆ. ರೋಗ ಬೇರೆ ಕಡೆ ಇದೆ.

ಸುರತ್ಕಲ್_ಅಲೆ:
ಮಾರಾಯ್ರೆ, ಮೊದಲು ವಾಲ್ ಫಂಕ್ಷನ್ ಬಿಡಿ. ಜೆಟ್ ಗೋಡೆಯಿಂದ ಎದ್ದು ಮತ್ತೆ ಕೂರುವ ಜಾಗದಲ್ಲಿ ಅದು ನಂಬಿಕೊಂಡ ಲಾಗ್ ಲಾ ಎಲ್ಲಿಂದ ಬರಬೇಕು? ಅದರ ಬದಲು ಗೋಡೆ ತನಕ ಲೆಕ್ಕ ಹಾಕುವ ಮಾಡಲ್, ಕೆ-ಒಮೆಗಾ ಎಸ್‌ಎಸ್‌ಟಿ ಹಾಕಿ, ವೈ ಪ್ಲಸ್ 1 ಇಟ್ಟುಕೊಳ್ಳಿ. ನಿಮ್ಮ 20 ಮೀಟರ್ ವೇಗಕ್ಕೆ ಲೆಕ್ಕ ಹಾಕಿದರೆ ಮೊದಲ ಸೆಲ್ ಸುಮಾರು 17 ಮೈಕ್ರಾನ್ ಬರ್ತದೆ.

ಧಾರವಾಡದಾಂವ:
ಎಸ್‌ಎಸ್‌ಟಿ ಹಾಕಿದ್ರೂ ಪಕ್ಕಕ್ಕ ಹರಡೂದು ಕಮ್ಮಿನ ಬರತದ ನೋಡ್ರಿ. ನಾ ಮಾಡಿ ನೋಡೀನಿ. ಮಾಡಲ್ ಬದಲಿ ಮಾಡಿದ್ರ ಎಲ್ಲಾ ಸರಿ ಆಗತದ ಅಂತ ಹುಡುಗರಿಗೆ ಆಸೆ ಹಚ್ಚಬ್ಯಾಡ್ರಿ.

ಸುರತ್ಕಲ್_ಅಲೆ:
ಎಲ್ಲ ಸರಿ ಆಗ್ತದೆ ಅಂತ ನಾನು ಹೇಳಲಿಲ್ಲ. ಗೋಡೆ ಹತ್ತಿರದ ತಪ್ಪನ್ನು ಮೊದಲು ತೆಗೆಯಿರಿ ಅಂದದ್ದು ಅಷ್ಟೆ.

ಆಖೆನ್_ಕನ್ನಡಿಗ:
ತುಂಗಾತೀರ ಅವರೇ, ನಿಮ್ಮ ಪೋಸ್ಟಿನಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ, ನೀವು ಒಂದೇ ಅಂದುಕೊಂಡಿದ್ದೀರಿ. ಬಿಡಿಸಿ ನೋಡಿ.

ರೇಶಿಯೊ 1ರಲ್ಲಿ ಜೆಟ್ ಹಾರುವುದು ಟರ್ಬ್ಯುಲೆನ್ಸ್ ಮಾಡಲ್‌ನ ತಪ್ಪಲ್ಲ. ಸಾಂದ್ರತೆ ಸ್ಥಿರ ಅಂದಿರಲ್ಲ, ಅಲ್ಲಿದೆ ಮೂಲ. ಪ್ರಯೋಗದಲ್ಲಿ ತಂಪು ಗಾಳಿಯನ್ನು ದ್ರವ ಸಾರಜನಕದಿಂದ 150 ಕೆಲ್ವಿನ್‌ಗೆ ಇಳಿಸಿ ಭಾರ ಮಾಡಿದ್ದರು. 300 ಭಾಗಿಸು 150, ಸಾಂದ್ರತೆ ಎರಡು ಪಟ್ಟು. ಬ್ಲೋಯಿಂಗ್ ರೇಶಿಯೊ ಅಂದರೆ ಸಾಂದ್ರತೆ ಮತ್ತು ವೇಗದ ಗುಣಲಬ್ಧದ ಅನುಪಾತ. ನಿಮ್ಮ ಗಾಳಿ ಹಗುರ, ಹಾಗಾಗಿ ಅದೇ ರೇಶಿಯೊ ಮುಟ್ಟಲು ಅದು ಎರಡು ಪಟ್ಟು ವೇಗವಾಗಿ ಹೊರಬರಲೇಬೇಕು. ಜೆಟ್ ಏಳುತ್ತದೋ ಕೂರುತ್ತದೋ ತೀರ್ಮಾನಿಸುವುದು ಮೊಮೆಂಟಮ್ ಫ್ಲಕ್ಸ್ ರೇಶಿಯೊ: ಬ್ಲೋಯಿಂಗ್ ರೇಶಿಯೊದ ವರ್ಗವನ್ನು ಡೆನ್ಸಿಟಿ ರೇಶಿಯೊದಿಂದ ಭಾಗಿಸಿದ್ದು. ಪ್ರಯೋಗದಲ್ಲಿ ಅದು 0.5, ನಿಮ್ಮಲ್ಲಿ 1. ದುಂಡು ತೂತಿಗೆ 0.4ರ ಒಳಗೆ ಜೆಟ್ ಗೋಡೆ ಹಿಡಿದಿರುತ್ತದೆ, 0.4ರಿಂದ 0.8ರ ತನಕ ಎದ್ದು ಮತ್ತೆ ಕೂರುತ್ತದೆ, 0.8 ದಾಟಿದರೆ ಪೂರ್ತಿ ಎದ್ದುಹೋಗುತ್ತದೆ. ಇದು ಅದೇ ಟೆಕ್ಸಸ್ ಗುಂಪಿನವರು ಅಳೆದು ಹೇಳಿದ್ದು. ಅವರದು ಕೂರುವ ಜಾತಿ, ನಿಮ್ಮದು ಹಾರುವ ಜಾತಿ. ನೀವು ಹೋಲಿಸುತ್ತಿರುವುದೇ ಬೇರೆ ಹರಿವನ್ನು.

ತುಂಗಾತೀರ:
ಅಯ್ಯೋ. ಬ್ಲೋಯಿಂಗ್ ರೇಶಿಯೊ ಒಂದು ಹೊಂದಿದರೆ ಸಾಕು ಅಂದುಕೊಂಡಿದ್ದೆ. ತಾಪಕ್ಕೆ ತಕ್ಕ ಹಾಗೆ ಸಾಂದ್ರತೆ ಬದಲಾಗುವಂತೆ ಐಡಿಯಲ್ ಗ್ಯಾಸ್ ಹಾಕಿ ಇವತ್ತು ರಾತ್ರಿಯೇ ಓಡಿಸ್ತೀನಿ. ಹಾಗಾದರೆ ಮೊದಲನೇ ತೊಂದರೆ?

ಎಡ್ಡಿ_ವಿಸ್ಕಾಸಿಟಿ:
ಮೊದಲನೆಯದರಲ್ಲೂ ಮಾಡಲ್ ಬೈಯುವ ಮುಂಚೆ ತೂತಿನ ಬಾಯಿ ನೋಡಿ. ಬಾಯಲ್ಲಿ ಸಮ ವೇಗ ಕೊಟ್ಟಿದ್ದೀರಿ. 1.75 ವ್ಯಾಸದ ಉದ್ದ ಅಂದರೆ ಅದು ಕೊಳವೆಯಲ್ಲ, ಹೊಸಿಲು. ಕೆಳಗಿನ ಗಾಳಿಕೋಣೆಯಾದ ಪ್ಲೆನಮ್‌ನಿಂದ ಬರುವ ಗಾಳಿ ಓರೆ ತೂತಿನ ಚೂಪು ಅಂಚಿನಲ್ಲಿ ತಟ್ಟನೆ ತಿರುಗಬೇಕು. ಆ ತಿರುವಿನಲ್ಲಿ ಹಿಂದಿನ ಗೋಡೆಯಿಂದ ಬಿಟ್ಟುಹೋಗುತ್ತದೆ, ವೇಗವೆಲ್ಲ ಮುಂದಿನ ಗೋಡೆಗೆ ಒತ್ತಿಕೊಂಡು ಬರುತ್ತದೆ. ಹೊರಬರುವ ಹೊತ್ತಿಗೆ ಬಾಯಿಯ ಅರ್ಧಕ್ಕೆ ವೇಗ, ಅರ್ಧಕ್ಕೆ ಮಂದ. ಲೇಲೆಕ್ ಮತ್ತು ಜರ್ಕಲ್ 1994ರಲ್ಲೇ ಪ್ಲೆನಮ್, ತೂತು, ಮುಖ್ಯ ಹರಿವು ಮೂರನ್ನೂ ಒಟ್ಟಿಗೆ ಲೆಕ್ಕ ಮಾಡಿ ಇದನ್ನು ತೋರಿಸಿದ್ದಾರೆ. ಪ್ಲೆನಮ್ ಇಲ್ಲದೆ ಫಿಲ್ಮ್ ಕೂಲಿಂಗ್ ಮಾಡುವುದು ತಳಪಾಯ ಬಿಟ್ಟು ಗೋಡೆ ಎಬ್ಬಿಸಿದ ಹಾಗೆ.

ಗಾಳಿಮಾತು:
ಸಿಮೆಟ್ರಿಯೂ ತಪ್ಪು ತಾನೇ? ಅರ್ಧ ತೂತು ಅಂದರೆ ಸುಳಿಗಳು ಸಾಯ್ತವೆ.

ಆಖೆನ್_ಕನ್ನಡಿಗ:
ಸರಾಸರಿ ಹರಿವನ್ನಷ್ಟೇ ಲೆಕ್ಕ ಹಾಕುವ ಸ್ಟೆಡಿ ರಾನ್ಸ್‌ಗೆ ಸಿಮೆಟ್ರಿ ತಪ್ಪಲ್ಲ. ಸರಾಸರಿ ಹರಿವು ಎಡಬಲ ಒಂದೇ ಇರುತ್ತದೆ. ಎಲ್‌ಇಎಸ್ (ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕುವ ವಿಧಾನ) ಮಾಡುವಾಗ ಮಾತ್ರ ಖಂಡಿತ ಹಾಕಬಾರದು, ಅಲ್ಲಿ ಕ್ಷಣಕ್ಷಣದ ಸುಳಿ ನಡುಗೆರೆ ದಾಟುತ್ತದೆ. ಆಗ ಪೂರ್ತಿ ತೂತು, ಎರಡೂ ಬದಿ ಪೀರಿಯಾಡಿಕ್, ಅಂದರೆ ಒಂದು ಬದಿಯಿಂದ ಹೋದದ್ದು ಇನ್ನೊಂದು ಬದಿಯಿಂದ ಒಳಬರುವ ಹಾಗೆ.

ಹೊಸಪೇಟೆ_ಹುಡುಗ:
ನಾನು ಮೆಕ್ಯಾನಿಕಲ್ ಎರಡನೇ ವರ್ಷ. ಕ್ಷಮಿಸಿ, ಬೇಸಿಕ್ ಪ್ರಶ್ನೆ. ಇದು ಕಾದ ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೇನಾ? ಹನಿಯ ಕೆಳಗೆ ಆವಿಯ ಪದರ ಬಂದು ಕುಣಿಯುತ್ತಲ್ಲ?

ಎಡ್ಡಿ_ವಿಸ್ಕಾಸಿಟಿ:
ಪ್ರಶ್ನೆ ಚೆನ್ನಾಗಿದೆ, ಆದರೆ ಅದಲ್ಲ. ಕಾವಲಿಯಲ್ಲಿ ನೀರು ಆವಿಯಾಗಿ ಆ ಪದರ ತಾನೇ ಹುಟ್ಟುತ್ತದೆ, ಕಾಪಾಡುವುದು ಹನಿಯನ್ನು. ಇಲ್ಲಿ ಆವಿಯಾಗುವುದು ಏನೂ ಇಲ್ಲ, ಕಾಪಾಡಬೇಕಿರುವುದು ಕಾವಲಿಯನ್ನು. ಕಂಪ್ರೆಸರ್‌ನಿಂದ ಕದ್ದ ಗಾಳಿಯನ್ನು ಬ್ಲೇಡಿನ ಹೊಟ್ಟೆಯೊಳಗೆ ಹಾಯಿಸಿ, ಅರ್ಧ ಮಿಲಿಮೀಟರ್ ಆಸುಪಾಸಿನ ತೂತುಗಳಿಂದ ಮೈಮೇಲೆ ಹರಿಬಿಡುತ್ತಾರೆ. ಹೊರಗಿನ ಅನಿಲ 1600 ಡಿಗ್ರಿ ಸೆಲ್ಸಿಯಸ್, ನಿಕ್ಕಲ್ ಮಿಶ್ರಲೋಹ ಕರಗುವುದು 1300 ಚಿಲ್ಲರೆಯಲ್ಲಿ. ನಡುವೆ ಇರುವುದು ಸೆರಾಮಿಕ್ ಲೇಪ ಮತ್ತು ಈ ಗಾಳಿಯ ಹೊದಿಕೆ. ಹೊದಿಕೆ ಹರಿದ ಜಾಗದಲ್ಲಿ ಬ್ಲೇಡು ಸುಡುತ್ತದೆ.

ಪದಕೋಶ:
ಹೊದಿಕೆ ಅಂದಿದ್ದು ಇಷ್ಟವಾಯಿತು. ನಾನು ತರಗತಿಯಲ್ಲಿ ‘ಪೊರೆ ತಂಪು’ ಅಂತ ಹೇಳ್ತೀನಿ. ಪೊರೆ ಅಂದರೆ ತೆಳು ಪದರ, ಕಣ್ಣಿನ ಪೊರೆ ಇದ್ದ ಹಾಗೆ. ಕ್ರಿಯಾಪದವಾದರೆ ಪೊರೆ ಅಂದರೆ ಕಾಪಾಡು. ಒಂದೇ ಪದದಲ್ಲಿ ಇರುವುದೂ ಬಂತು, ಮಾಡುವುದೂ ಬಂತು.

ಗಾಳಿಮಾತು:
ಚೆಂದ ಇದೆ. ಆದರೆ ಇಂಟರ್ವ್ಯೂನಲ್ಲಿ ಪೊರೆ ತಂಪು ಅಂದರೆ ಯಾರಿಗೆ ತಿಳಿಯಬೇಕು?

ಪದಕೋಶ:
ಇಂಟರ್ವ್ಯೂನಲ್ಲಿ ಫಿಲ್ಮ್ ಕೂಲಿಂಗ್ ಅನ್ನಿ, ಅರ್ಥ ಮಾಡಿಕೊಳ್ಳುವಾಗ ಪೊರೆ ಅನ್ನಿ. ಹಳ್ಳಿ ಶಾಲೆಯಿಂದ ಬಂದ ಮಕ್ಕಳಿಗೆ ಆ ಒಂದು ಪದ ಕೊಟ್ಟ ದಿನ ಚಿತ್ರ ಕಣ್ಣಿಗೆ ಕಟ್ಟಿದ್ದನ್ನು ನಾನು ನೋಡಿದ್ದೇನೆ.

ಧಾರವಾಡದಾಂವ:
ಪದದ ಚರ್ಚಾಕ್ಕ ಬ್ಯಾರೆ ಥ್ರೆಡ್ ಮಾಡ್ರಿ, ನಾನೂ ಬರತೀನಿ. ಹುಡುಗಿ ಪ್ರಶ್ನೆ ಅರ್ಧಕ್ಕ ನಿಂತದ.

ಪಕ್ಕಕ್ಕ ಯಾಕ ಹರಡೂದಿಲ್ಲ ಅಂದ್ರ, ಈ ಮಾಡಲ್‌ಗೋಳು ಎಡ್ಡಿ ವಿಸ್ಕಾಸಿಟಿ (ಸುಳಿ ಬೆರಸೂ ತಾಕತ್ತು) ಎಲ್ಲಾ ದಿಕ್ಕಿಗೂ ಒಂದ ಅಂತ ಹಿಡಿತಾವ. ಖರೇ ಹರಿವಿನ್ಯಾಗ ಹಂಗಿಲ್ಲ. ಗ್ವಾಡಿ ಬಾಜೂಕ ಸುಳಿಗೆ ಮ್ಯಾಲೆ ಕೆಳಗ ಆಡಾಕ ಜಾಗಾ ಇಲ್ಲ, ಎಡಕ್ಕ ಬಲಕ್ಕ ಬೇಕಾದಷ್ಟು ಅದ. ಅದಕ್ಕ ಪಕ್ಕದ ಬೆರಕಿ ಭಾಳ, ಮ್ಯಾಲಿನ ಬೆರಕಿ ಕಮ್ಮಿ. ಮಾಡಲ್ ಎರಡಕ್ಕೂ ಒಂದ ತಕ್ಕಡಿ ಹಿಡಿತದ. ತಂಪು ಗಾಳಿ ನಡಗೆರಿಮ್ಯಾಲೆ ಗುಂಪಾಗಿ ಕುಂದರತದ. ಬರ್ಜೆಲೆಸ್, ಗಾಸ್ಮನ್, ಲಾಂಡರ್ 1978ರಾಗ ಇದನ್ನ ಹಿಡದು, ಪಕ್ಕದ ವಿಸ್ಕಾಸಿಟಿಗೆ ಬ್ಯಾರೆ ಗುಣಕ ಹಚ್ಚಿದ್ರು. ಹಳೇ ರೋಗ, ಹಳೇ ಔಷಧ.

ಗಾಳಿಮಾತು:
ಅಷ್ಟೆಲ್ಲ ಯಾಕೆ? ಟರ್ಬ್ಯುಲೆಂಟ್ ಪ್ರಾಂಟ್ಲ್ ನಂಬರ್ (ಕಮ್ಮಿಯಾದಷ್ಟೂ ಸುಳಿಗಳು ಶಾಖ ಹೆಚ್ಚು ಹರಡುತ್ತವೆ) 0.85 ಇರುತ್ತಲ್ಲ, ಅದನ್ನು 0.4 ಮಾಡಿದರೆ ಹರಡುತ್ತೆ. ನಾನು ಮಾಡಿದ್ದೆ, ಗ್ರಾಫ್ ಕೂತಿತ್ತು.

ಧಾರವಾಡದಾಂವ:
ಗ್ರಾಫ್ ಕೂತತು, ಹರಿವು ಕೂಡಲಿಲ್ಲ. ಪ್ರಾಂಟ್ಲ್ ಇಳಿಸಿದ್ರ ಮ್ಯಾಲಿನ ಬೆರಕಿನೂ ಏರತದ, ಜೆಟ್ ಬಲು ಲಗೂ ಕರಗತದ. ಇನ್ನೊಂದು ಬ್ಲೋಯಿಂಗ್ ರೇಶಿಯೊಕ್ಕ ಹೋಗು, ಅದ 0.4 ಕೈ ಕೊಡತದ.

ಗಾಳಿಮಾತು:
ಇನ್ನೊಂದು ರೇಶಿಯೊ ನಾನು ನೋಡಿರಲಿಲ್ಲ. ನೋಡಿ ಹೇಳ್ತೀನಿ.

ಕಾವೇರಿ_ಕಣಿವೆ:
ತಡವಾಗಿ ಬಂದೆ. ಒಂದು ವಿಷಯ ಯಾರೂ ಎತ್ತಲಿಲ್ಲ, ಅದು ಈ ಎಲ್ಲಕ್ಕಿಂತ ಅಪಾಯದ್ದು.

ನಡುಗೆರೆಯಲ್ಲಿ ಜಾಸ್ತಿ, ಪಕ್ಕದಲ್ಲಿ ಕಮ್ಮಿ. ಎರಡನ್ನೂ ಕೂಡಿ ಅಡ್ಡ ಸರಾಸರಿ ತೆಗೆದರೆ ಏನಾಗುತ್ತದೆ? ತಪ್ಪು ತಪ್ಪನ್ನು ತಿಂದು ಸರಾಸರಿ ಪ್ರಯೋಗದ ಗೆರೆಯ ಮೇಲೆ ಬಂದು ಕೂರುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಬರೀ ಸರಾಸರಿ ಗ್ರಾಫ್ ಇಟ್ಟು ‘ವ್ಯಾಲಿಡೇಟೆಡ್’ ಅಂತ ಬರೆದ ವರದಿ ಒಂದು ಪಾಸಾಗಿತ್ತು. ಅದರ ಮೇಲೆ ನಾನೂ ಸಹಿ ಹಾಕಿದ್ದೆ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಲೋಹಕ್ಕೆ ಸರಾಸರಿ ಗೊತ್ತಿಲ್ಲ. ಅನಿಲ 1600, ತಂಪು ಗಾಳಿ 600 ಅಂತ ಇಟ್ಟುಕೊಳ್ಳಿ. ಎಫೆಕ್ಟಿವ್‌ನೆಸ್ 0.1 ತಪ್ಪಿದರೆ ಮೈಮೇಲಿನ ಗಾಳಿಯ ತಾಪ 100 ಡಿಗ್ರಿ ತಪ್ಪಿತು. ಲೋಹದ ತಾಪ 30 ಡಿಗ್ರಿ ಏರಿದರೆ ಬ್ಲೇಡಿನ ಆಯುಷ್ಯ ಅರ್ಧ ಅನ್ನುವುದು ಈ ವೃತ್ತಿಯಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ.

ಆಖೆನ್_ಕನ್ನಡಿಗ:
ಮಾತು ಸರಿ. ಒಂದು ತಿದ್ದುಪಡಿ: ಗಾಳಿಯ 100 ಡಿಗ್ರಿ ಪೂರ್ತಿ ಲೋಹಕ್ಕೆ ಇಳಿಯುವುದಿಲ್ಲ. ಒಳಗಿನ ಕೂಲಿಂಗ್ ಇದೆ, ಲೇಪ ಇದೆ, ಲೋಹವೇ ಪಕ್ಕಕ್ಕೆ ಶಾಖ ಹಂಚುತ್ತದೆ.

ಕಾವೇರಿ_ಕಣಿವೆ:
ಒಪ್ಪಿದೆ. ಮೂರರಲ್ಲಿ ಒಂದು ಪಾಲು ಇಳಿದರೂ 30 ದಾಟಿತು.

ನಿವೃತ್ತ_ಫಿಟ್ಟರ್:
ನನಗೆ ಈ ಸಿಮ್ಯುಲೇಶನ್ ಗೊತ್ತಿಲ್ಲ. ಮಗಳು ಈ ಚರ್ಚೆ ತೋರಿಸಿದಳು, ಓದಿ ಬರೆಯಬೇಕು ಅನ್ನಿಸಿತು. ಇಂಜಿನ್ ಓವರ್‌ಹಾಲ್ ಶಾಪಿನಲ್ಲಿ ಬಹಳ ವರ್ಷ ಇದ್ದೆ. ಓಡಿ ಬಂದ ಬ್ಲೇಡುಗಳನ್ನು ಕೈಯಲ್ಲಿ ಹಿಡಿದು ನೋಡುವುದೇ ನನ್ನ ಕೆಲಸ.

ತೊಳೆಯುವ ಮುಂಚೆ ಬ್ಲೇಡನ್ನು ಟ್ಯೂಬ್‌ಲೈಟ್ ಕೆಳಗೆ ಸ್ವಲ್ಪ ಓರೆ ಹಿಡಿದರೆ ಪ್ರತಿ ತೂತಿನ ಹಿಂದೆ ಒಂದು ಗೆರೆ ಕಾಣುತ್ತದೆ. ತಂಪು ಗಾಳಿ ಹರಿದ ದಾರಿ ಅದು. ಅಲ್ಲಿ ಬಣ್ಣ ಬೇರೆ, ಎರಡು ಗೆರೆಗಳ ನಡುವೆ ಬೇರೆ. ಗೆರೆಗಳು ಹೊಲದ ಸಾಲಿನ ಹಾಗೆ ಕಾಣುತ್ತವೆ. ಕೆಲವು ಬ್ಲೇಡಿನಲ್ಲಿ ಗೆರೆ ಅಗಲವಾಗಿ ಪಕ್ಕದ್ದನ್ನು ಮುಟ್ಟಿರುತ್ತದೆ, ಅವು ಚೆನ್ನಾಗಿರುತ್ತವೆ. ಒಂದು ತೂತು ಕಟ್ಟಿಕೊಂಡಿದ್ದರೆ ಆ ಒಂದು ಗೆರೆ ಇರುವುದೇ ಇಲ್ಲ, ಅಲ್ಲಿ ಲೇಪ ಎದ್ದು ಬೆರಳಿಗೆ ಒರಟು ಸಿಗುತ್ತದೆ. ಪಿನ್ ಗೇಜ್ ಹಾಕಿದರೆ ಒಳಗೆ ಇಳಿಯುವುದಿಲ್ಲ. ಧೂಳು ಒಳಗೆ ಕರಗಿ ಗಾಜಿನ ಹಾಗೆ ಗಟ್ಟಿಯಾಗಿರುತ್ತದೆ.

ನೀವು ನಡುವೆ, ಪಕ್ಕದಲ್ಲಿ ಅಂತ ವಾದಿಸುತ್ತಿರುವುದು ನಾವು ಟ್ಯೂಬ್‌ಲೈಟ್ ಕೆಳಗೆ ನೋಡುತ್ತಿದ್ದದ್ದೇ. ನಮಗೆ ಅದು ಯಾವತ್ತೂ ಸರಾಸರಿಯಾಗಿ ಕಂಡಿಲ್ಲ.

ಕಾವೇರಿ_ಕಣಿವೆ:
ಸರ್, ನೀವು ಬರೆದಿದ್ದಕ್ಕೆ ಕೈ ಮುಗಿದೆ. ಇದನ್ನು ಪ್ರಿಂಟ್ ತೆಗೆದು ನನ್ನ ಮೇಜಿನ ಮುಂದೆ ಅಂಟಿಸುತ್ತೇನೆ.

ಹೊಸಪೇಟೆ_ಹುಡುಗ:
ಅಂಕಲ್, ನಮ್ಮ ಕಡೆ ಧೂಳು ಜಾಸ್ತಿ. ಊರಿನ ಧೂಳಿಗೂ ಹೀಗಾಗುತ್ತಾ?

ನಿವೃತ್ತ_ಫಿಟ್ಟರ್:
ಮಗಾ, ಮರಳುಗಾಡಿನ ಮೇಲೆ ಹಾರುವ ಇಂಜಿನ್ನಿಗೆ ಇದು ದೊಡ್ಡ ಕಾಟ. ಜ್ವಾಲಾಮುಖಿ ಬೂದಿ ಇನ್ನೂ ಕೆಟ್ಟದ್ದು. 1982ರಲ್ಲಿ ಜಾವಾ ಮೇಲೆ ಬೂದಿಗೆ ಸಿಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕೂ ಇಂಜಿನ್ ನಿಂತಿದ್ದವು. ಮೋಡದಿಂದ ಕೆಳಗಿಳಿದ ಮೇಲೆ ಮತ್ತೆ ಶುರುವಾಗಿ ಜಕಾರ್ತಾದಲ್ಲಿ ಇಳಿಯಿತು.

ಗಾಳಿಮಾತು:
ಇಷ್ಟೆಲ್ಲ ರಾನ್ಸ್ ಸಂಕಟ ಯಾಕೆ, ನೇರ ಎಲ್‌ಇಎಸ್ ಮಾಡಿಬಿಡಿ. ಐಐಎಸ್‌ಸಿಯಲ್ಲಿ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ ಇದೆ, 3.3 ಪೆಟಾಫ್ಲಾಪ್ಸ್.

ತುಂಗಾತೀರ:
ನನ್ನ ಹತ್ತಿರ ಇರುವುದು 32 ಕೋರಿನ ಒಂದು ವರ್ಕ್‌ಸ್ಟೇಶನ್ ಅಣ್ಣ, ಅದೂ ಮೂವರಿಗೆ.

ಆಖೆನ್_ಕನ್ನಡಿಗ:
ಒಂದು ತೂತಿಗೆ 32 ಕೋರಿನಲ್ಲೂ ಎಲ್‌ಇಎಸ್ ಆಗುತ್ತದೆ, ತಾಳ್ಮೆ ಬೇಕು. ತ್ಯಾಗಿ ಮತ್ತು ಆಚಾರ್ಯ 2003ರಲ್ಲೇ ಓರೆ ಜೆಟ್ಟಿನ ಎಲ್‌ಇಎಸ್ ಪ್ರಕಟಿಸಿದ್ದಾರೆ, ಆಗಿನ ಕಂಪ್ಯೂಟರ್ ಯೋಚಿಸಿ. ಆದರೆ ಎಲ್‌ಇಎಸ್ ಅಂದ ತಕ್ಷಣ ಸತ್ಯ ಅನ್ನಬೇಡಿ. ನನ್ನ ಮೊದಲ ರನ್ 1.1 ಕೋಟಿ ಸೆಲ್, ಹನ್ನೆರಡು ದಿನ ಓಡಿತು. ಕೊನೆಗೆ ನೋಡಿದರೆ ಪಕ್ಕದ ಹರಡುವಿಕೆ ರಾನ್ಸ್‌ಗಿಂತ ಕೆಟ್ಟದಾಗಿತ್ತು. ಒಳಬರುವ ಗಾಳಿಗೆ ನುಣುಪು ಪ್ರೊಫೈಲ್ ಕೊಟ್ಟಿದ್ದೆ, ಒಂದು ಸುಳಿಯೂ ಇಲ್ಲದೆ. ಪ್ಲೇಟಿನ ಮೇಲೆ ಇರಬೇಕಾದ ಟರ್ಬ್ಯುಲೆಂಟ್ ಬೌಂಡರಿ ಲೇಯರ್ ತೂತಿನ ತನಕ ಹುಟ್ಟಿರಲೇ ಇಲ್ಲ. ಒಳಬರುವ ಗಾಳಿಗೆ ಕೃತಕ ಸುಳಿ ಸೇರಿಸುವ ಸಿಂಥೆಟಿಕ್ ಎಡ್ಡಿ ಹಾಕಿ ಮತ್ತೆ ಓಡಿಸಿದ ಮೇಲೆ ಸರಿಯಾಯಿತು. ಸರಾಸರಿ ತೆಗೆಯಲೂ ಅವಸರ ಬೇಡ. ನಿಮ್ಮ ಕೇಸಿನಲ್ಲಿ ಗಾಳಿ ಒಂದು ವ್ಯಾಸ ದಾಟಲು 0.6 ಮಿಲಿಸೆಕೆಂಡು. ಶುರುವಿನ ಹರಿವು ಪೂರ್ತಿ ಆಚೆ ಹೋಗುವ ತನಕ ಕಾದು, ಆಮೇಲೆ ಅಂಥ ನೂರಾರು ಅವಧಿ ಕೂಡಿಸಿ.

ಕಾವೇರಿ_ಕಣಿವೆ:
ನಿಜವಾದ ಬ್ಲೇಡಿಗೆ ನೂರಾರು ತೂತು. ಅದಕ್ಕೆಲ್ಲ ಎಲ್‌ಇಎಸ್ ಇಟ್ಟು ಡಿಸೈನ್ ಮಾಡುವ ಕಾಲ ಇನ್ನೂ ಬಂದಿಲ್ಲ. ಹಾಗಾಗಿ ರಾನ್ಸ್ ಎಲ್ಲಿ ಸುಳ್ಳು ಹೇಳುತ್ತದೆ, ಎಷ್ಟು ಹೇಳುತ್ತದೆ ಅಂತ ತಿಳಿದವರು ಬೇಕು. ಬೆಂಗಳೂರಿನಲ್ಲಿ ಗ್ಯಾಸ್ ಟರ್ಬೈನ್ ಸಂಶೋಧನೆಯ ಜಿಟಿಆರ್‌ಇ ಇದೆ, ಎನ್‌ಎಎಲ್ ಇದೆ, ಎಚ್‌ಎಎಲ್‌ನ ಇಂಜಿನ್ ವಿಭಾಗ ಇದೆ. ಹೈದರಾಬಾದಿನ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ ಹೆಲಿಕಾಪ್ಟರ್ ಇಂಜಿನ್ನಿಗೆ ಸಿಂಗಲ್ ಕ್ರಿಸ್ಟಲ್ ಬ್ಲೇಡು ಮಾಡಿ 2021ರಲ್ಲಿ 60 ಬ್ಲೇಡು ಎಚ್‌ಎಎಲ್‌ಗೆ ಕೊಟ್ಟಿತು. ಲೋಹ ಮಾಡುವುದು ಕಲಿಯುತ್ತಿದ್ದೇವೆ, ಅದರ ಮೇಲಿನ ಗಾಳಿಯನ್ನೂ ನಾವೇ ಲೆಕ್ಕ ಹಾಕಬೇಕು. ತುಂಗಾತೀರ ಅವರೇ, ನಿಮ್ಮ ಮೂರು ವಾರ ದಂಡವಾಗಿಲ್ಲ.

ಸುರತ್ಕಲ್_ಅಲೆ:
ಮೆಶೀನ್ ಲರ್ನಿಂಗ್ ದಾರಿಯೂ ಉಂಟು. ಮಿಲಾನಿ, ಲಿಂಗ್, ಈಟನ್ 2018ರಲ್ಲಿ ಎಲ್‌ಇಎಸ್ ಮತ್ತು ಡಿಎನ್‌ಎಸ್ (ಸಣ್ಣ ಸುಳಿಯನ್ನೂ ಬಿಡದೆ ಲೆಕ್ಕ ಹಾಕುವುದು) ಡೇಟಾದಿಂದ ಕಲಿಸಿ, ಟರ್ಬ್ಯುಲೆಂಟ್ ಡಿಫ್ಯೂಸಿವಿಟಿ (ಸುಳಿಗಳು ಶಾಖ ಹರಡುವ ತಾಕತ್ತು) ಎಲ್ಲೆಲ್ಲಿ ಎಷ್ಟಿರಬೇಕು ಅಂತ ರಾನ್ಸ್‌ಗೆ ಹೇಳಿಕೊಡುವ ಕೆಲಸ ಮಾಡಿದ್ದಾರೆ. ಗಾಳಿಮಾತು ಅವರು ಇಡೀ ಡೊಮೇನಿಗೆ ಒಂದೇ 0.4 ಹಾಕಿದ್ದರಲ್ಲ, ಅದರ ಬದಲು ಜಾಗ ಜಾಗಕ್ಕೆ ಬೇರೆ.

ಗಾಳಿಮಾತು:
ನನ್ನ ಹಳೇ ಫೈಲ್ ಹುಡುಕಿ ರೇಶಿಯೊ 1ಕ್ಕೆ ಓಡಿಸಿದೆ. ಧಾರವಾಡದಣ್ಣ ಹೇಳಿದ ಹಾಗೇ ಆಯಿತು, 0.4 ಕೈಕೊಟ್ಟಿತು. ಒಪ್ಪಿಕೊಂಡೆ.

ಧಾರವಾಡದಾಂವ:
ಓಡಿಸಿ ನೋಡಿ ಬಂದು ಹೇಳಿದಿ, ಭಾಳ ಛಲೋ ಆತು ತಮ್ಮಾ.

ತುಂಗಾತೀರ:
ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದೆ.

ಐಡಿಯಲ್ ಗ್ಯಾಸ್, ತಂಪು ಗಾಳಿ 150 ಕೆಲ್ವಿನ್: ರೇಶಿಯೊ 1ರಲ್ಲಿ ಜೆಟ್ ಎದ್ದು ಮತ್ತೆ ಕೂತಿತು. ಆ ಗೆರೆ ಪರದೆ ಮೇಲೆ ಕಂಡಾಗ ಲ್ಯಾಬಿನಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ. ಆಮೇಲೆ ಪ್ಲೆನಮ್ ಸೇರಿಸಿದೆ. ತೂತಿನೊಳಗೆ ಎಡ್ಡಿ_ವಿಸ್ಕಾಸಿಟಿ ಸರ್ ಹೇಳಿದ್ದು ಅಕ್ಷರಶಃ ಕಂಡಿತು, ಹಿಂದಿನ ಗೋಡೆಯಲ್ಲಿ ಮಂದ ಗಾಳಿಯ ಗುಳ್ಳೆ, ಮುಂದಿನ ಗೋಡೆಯಲ್ಲಿ ವೇಗ. ತೂತಿನ ಹಿಂದಿನ ಮೊದಲ ಮೂರ್ನಾಲ್ಕು ವ್ಯಾಸದ ತಪ್ಪು ಬಹುಪಾಲು ಇದರಿಂದಲೇ ಹೋಯಿತು. ಎಸ್‌ಎಸ್‌ಟಿ ಮತ್ತು ವೈ ಪ್ಲಸ್ 1ರಿಂದ ಇನ್ನೂ ಸ್ವಲ್ಪ.

ಮುಂದೆ ಹೋದ ಮೇಲೆ ನಡುಗೆರೆ ಈಗಲೂ ಜಾಸ್ತಿ, ಪಕ್ಕ ಈಗಲೂ ಕಮ್ಮಿ. ಸರಾಸರಿ ಮಾತ್ರ ಪ್ರಯೋಗದ ಮೇಲೇ ಕೂತಿದೆ. ಗೈಡ್‌ಗೆ ಮೂರು ಗ್ರಾಫನ್ನೂ ತೋರಿಸಿದೆ, ನಡುಗೆರೆ, ಪಕ್ಕ, ಸರಾಸರಿ. ಅಂಕಲ್ ಬರೆದ ಟ್ಯೂಬ್‌ಲೈಟ್ ವಿಷಯವನ್ನೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಥೀಸಿಸ್‌ನಲ್ಲಿ ಮೂರನ್ನೂ ಹಾಕಿ ಅಂದರು. ರಾತ್ರಿ ಹೊತ್ತು ವರ್ಕ್‌ಸ್ಟೇಶನ್ ನನಗೊಬ್ಬಳಿಗೇ ಬಿಟ್ಟುಕೊಡಿಸಿದ್ದಾರೆ, ಎಲ್‌ಇಎಸ್‌ಗೆ.

ಒಂದು ಪ್ರಶ್ನೆ. ಇದಾದ ಮೇಲೆ ಶೇಪ್ಡ್ ಹೋಲ್ ಮಾಡಬೇಕು ಅಂತಿದೆ. ಯಾವುದರಿಂದ ಶುರು ಮಾಡಲಿ?

ಎಡ್ಡಿ_ವಿಸ್ಕಾಸಿಟಿ:
7-7-7. ಶ್ರೋಡರ್ ಮತ್ತು ಥೋಲ್, ಪೆನ್ ಸ್ಟೇಟ್, 2014. 30 ಡಿಗ್ರಿ ಓರೆ, ಎರಡೂ ಬದಿಗೆ ಮತ್ತು ಹಿಂದಕ್ಕೆ 7 ಡಿಗ್ರಿ ಅಗಲ. ಎಲ್ಲರೂ ಹೋಲಿಸಲಿ ಅಂತಲೇ ಆಕಾರದ ಅಳತೆಯೆಲ್ಲ ಬಿಟ್ಟುಕೊಟ್ಟಿದ್ದಾರೆ.

ನಿವೃತ್ತ_ಫಿಟ್ಟರ್:
ಅದೇ ಅಗಲ ಬಾಯಿಯ ತೂತು ತಾನೇ? ಗೆರೆಗಳು ಒಂದನ್ನೊಂದು ಮುಟ್ಟಿರುತ್ತಿದ್ದದ್ದು ಆ ಬ್ಲೇಡುಗಳಲ್ಲೇ ಮಗಳೇ.